ಅದಿರಿನ ದಾರಿಯ ಬೆಂಜ್ ಲಾರಿ

ಮರ್ಸಿಡಿಸ್ ಬೆಂಜ್ ಎಂಬ ಹೆಸರು ನಮ್ಮ ಹೊಸಪೇಟೆ–ಸಂಡೂರು ಸೀಮೆಗೆ ಲಾರಿಯ ಮೂತಿಯ ಮೇಲೆ ಕೂತು ಬಂತು. ಬೆಂಗಳೂರು, ಮುಂಬೈಗಳಲ್ಲಿ ಆ ಹೆಸರು ಹೇಳಿದರೆ ಜನಕ್ಕೆ ಕಪ್ಪು ಬಣ್ಣದ ಉದ್ದನೆಯ ಕಾರು ಕಣ್ಣಿಗೆ ಬರುತ್ತದೆ. ಗಾದಿಗನೂರಿನಲ್ಲಿ ಹುಟ್ಟಿ ಬೆಳೆದ ನನ್ನ ವಯಸ್ಸಿನವರಿಗೆ ಕಣ್ಣಿಗೆ ಬರುವುದು ಮುಂದಕ್ಕೆ ಚಾಚಿದ ಬಾನೆಟ್ಟು, ಎದುರಿಗೆ ಮೂರು ಮೂಲೆಯ ನಕ್ಷತ್ರ, ಹಿಂದೆ ಮರದ ಬಾಡಿಯಲ್ಲಿ ಕೆಂಪು ಅದಿರು. ನಮ್ಮೂರು ಹೊಸಪೇಟೆಯಿಂದ ತೋರಣಗಲ್ಲಿಗೆ, ಅಲ್ಲಿಂದ ಬಳ್ಳಾರಿಗೆ ಹೋಗುವ ದಾರಿಯಲ್ಲಿದೆ. ರೈಲು ನಿಲ್ದಾಣವೂ ಇದೆ. ದಕ್ಷಿಣಕ್ಕೆ ತಿರುಗಿ ನಿಂತರೆ ಸಂಡೂರಿನ ಗುಡ್ಡಸಾಲು ಕಾಣುತ್ತದೆ. ಗುಡ್ಡದ ಅದಿರು ರೈಲಿಗೆ ಸೇರಬೇಕಾದರೆ ನಡುವೆ ಲಾರಿ ಬೇಕೇ ಬೇಕು. ನನ್ನಪ್ಪ ಅಂಥ ಲಾರಿಯಲ್ಲಿ ಕ್ಲೀನರಾಗಿ ಸೇರಿ ಡ್ರೈವರಾದವರು. ನಾನು ಐಟಿಐಯಲ್ಲಿ ಡೀಸೆಲ್ ಮೆಕ್ಯಾನಿಕ್ ಟ್ರೇಡಿನ ಪಾಠ ಹೇಳಿ ನಿವೃತ್ತನಾದವನು. ಈ ಕಂಪನಿಯ ಕೀರ್ತಿಯನ್ನು ಸಿರಿವಂತರ ಕಾರಿನಿಂದ ಅಳೆದು ಬರೆದವರು ಬೇಕಾದಷ್ಟು ಜನ ಇದ್ದಾರೆ. ನಮ್ಮ ಕಡೆ ಆ ಕೀರ್ತಿ ಕಟ್ಟಿದವರು ಕೆಟ್ಟ ಗಾಡಿಯನ್ನು ದಾರಿಯಲ್ಲೇ ಬಿಚ್ಚಿ, ಕಟ್ಟಿ, ಊರು ಮುಟ್ಟಿಸಿದ ಕೈಗಳು. ಅವರ ಕಡೆಯಿಂದ ಈ ಚರಿತ್ರೆ ಬರೆಯಬೇಕೆಂದು ಬಹಳ ದಿನದಿಂದ ಮನಸ್ಸಿನಲ್ಲಿತ್ತು.

1953–54 ನಮ್ಮ ಸೀಮೆಯ ಹಣೆಬರಹ ಬದಲಾದ ಕಾಲ. 1945ರಲ್ಲಿ ಅಡಿಗಲ್ಲು ಬಿದ್ದಿದ್ದ ತುಂಗಭದ್ರಾ ಅಣೆಕಟ್ಟಿನ ನೀರು 1953ರಲ್ಲಿ ಕಾಲುವೆಗೆ ಹರಿಯಿತು. ಅದೇ ವರ್ಷದ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಕನ್ನಡ ತಾಲ್ಲೂಕುಗಳು ಮದ್ರಾಸ್ ರಾಜ್ಯ ಬಿಟ್ಟು ಮೈಸೂರಿಗೆ ಸೇರಿದವು. ಸಂಡೂರು ಸಂಸ್ಥಾನ 1949ರಲ್ಲೇ ಭಾರತದಲ್ಲಿ ವಿಲೀನವಾಗಿತ್ತು. ಅದರ ಕೊನೆಯ ಅರಸ ಯಶವಂತರಾವ್ ಘೋರ್ಪಡೆಯವರು 1954ರಲ್ಲಿ ಸಂಡೂರು ಮ್ಯಾಂಗನೀಸ್ ಅಂಡ್ ಐರನ್ ಓರ್ಸ್ ಕಂಪನಿಯನ್ನು ಸ್ಥಾಪಿಸಿದರು. ಅದೇ 1954ರಲ್ಲಿ, ನಮ್ಮಿಂದ ಬಹುದೂರದ ಜಮ್‌ಶೆಡ್‌ಪುರದಲ್ಲಿ, ಟಾಟಾ ಬಳಗದ ಟೆಲ್ಕೋ ಕಂಪನಿ ಜರ್ಮನಿಯ ಡೈಮ್ಲರ್ ಬೆಂಜ್ ಜೊತೆ ಹದಿನೈದು ವರ್ಷದ ಒಪ್ಪಂದ ಮಾಡಿಕೊಂಡಿತು. ಇಲ್ಲಿ ಗುಡ್ಡ ಅಗೆಯುವ ಕಂಪನಿ, ಅಲ್ಲಿ ಅಗೆದದ್ದನ್ನು ಹೊರುವ ಲಾರಿ, ಎರಡೂ ಒಂದೇ ವರ್ಷದ ಕೂಸುಗಳು.

ಅದಕ್ಕೆ ಮುಂಚೆ ನಮ್ಮ ದಾರಿಗಳಲ್ಲಿ ಓಡುತ್ತಿದ್ದ ಲಾರಿಗಳು ಹೆಚ್ಚಾಗಿ ಫೋರ್ಡ್, ಷೆವರ್ಲೆಯಂಥ ಪರದೇಶದ ಗಾಡಿಗಳು. ಬಹುತೇಕ ಪೆಟ್ರೋಲ್ ಕುಡಿಯುವಂಥವು. ಬಿಡಿಭಾಗಗಳು ಹಡಗಿನಲ್ಲಿ ಬರುತ್ತಿದ್ದವು, ಇಲ್ಲಿ ಜೋಡಿಸುತ್ತಿದ್ದರು. ಬರೀ ಜೋಡಿಸುವ ಕಂಪನಿಗಳು ನಮಗೆ ಬೇಡ, ಇಲ್ಲೇ ತಯಾರಿಸುವ ಯೋಜನೆ ಇದ್ದವರು ಮಾತ್ರ ಉಳಿಯಲಿ ಎಂಬ ನಿಲುವನ್ನು 1953ರಲ್ಲಿ ಸುಂಕ ಆಯೋಗದ ಶಿಫಾರಸಿನ ಮೇಲೆ ಭಾರತ ಸರ್ಕಾರ ತೆಗೆದುಕೊಂಡಿತು. ಜನರಲ್ ಮೋಟಾರ್ಸ್, ಫೋರ್ಡ್ ಎರಡೂ ಗಂಟುಮೂಟೆ ಕಟ್ಟಿದವು. ಆ ಖಾಲಿ ಜಾಗಕ್ಕೆ ಬಂದದ್ದು ಟೆಲ್ಕೋ. 1945ರಲ್ಲಿ ಹುಟ್ಟಿದ ಈ ಕಂಪನಿ ಅಲ್ಲಿಯವರೆಗೆ ರೈಲಿನ ಉಗಿಬಂಡಿ ಮಾಡುತ್ತಿತ್ತು. ಕಬ್ಬಿಣ ಎರಕ ಹೊಯ್ಯುವುದು, ಕಡೆಯುವುದು ಅವರ ಕೈಗೆ ಬಂದ ಕೆಲಸ. ಒಪ್ಪಂದವಾದ ವರ್ಷವೇ ಮೊದಲ ಲಾರಿ ಹೊರಬಂತು. ಬರುಬರುತ್ತಾ ಒಂದೊಂದೇ ಭಾಗವನ್ನು ಇಲ್ಲೇ ಮಾಡಲು ಕಲಿತರು. ಕಂಪನಿಯನ್ನು ನಡೆಸಿದ ಸುಮಂತ್ ಮೂಳಗಾಂವಕರ್ ಹಟ ಹಿಡಿದದ್ದು ಈ ಕಲಿಕೆಗೆ. ಒಪ್ಪಂದದ ತಿರುಳೇ ಅದಾಗಿತ್ತು: ಹದಿನೈದು ವರ್ಷ ಕಲಿಸಿ, ಆಮೇಲೆ ನಾವು ನಮ್ಮ ಕಾಲ ಮೇಲೆ ನಿಲ್ಲುತ್ತೇವೆ.

ಕಲಿಸಲು ಬಂದವರ ಹಿನ್ನೆಲೆ ಸಣ್ಣದಲ್ಲ. ಕಾರ್ಲ್ ಬೆಂಜ್ ಮ್ಯಾನ್‌ಹೈಮ್ ಊರಿನಲ್ಲಿ ತನ್ನ ಮೂರು ಗಾಲಿಯ ಮೋಟಾರು ಬಂಡಿಗೆ ಪೇಟೆಂಟ್ ಕೇಳಿ ಅರ್ಜಿ ಹಾಕಿದ್ದು 1886ರ ಜನವರಿ 29ರಂದು. ಒಂದೇ ಸಿಲಿಂಡರ್, ಒಂದು ಅಶ್ವಶಕ್ತಿಯೂ ತುಂಬದ ಎಂಜಿನ್. ಮೋಟಾರು ವಾಹನದ ಚರಿತ್ರೆ ಬರೆಯುವವರು ಈ ತಾರೀಖಿನಿಂದಲೇ ಶುರು ಮಾಡುತ್ತಾರೆ. ನಾನು ಮಾತ್ರ ಪ್ರತಿ ವರ್ಷ ಹೊಸ ಹುಡುಗರಿಗೆ ಮೊದಲ ಪಾಠವಾಗಿ ಹೇಳುತ್ತಿದ್ದದ್ದು ಅದಾಗಿ ಎರಡು ವರ್ಷಕ್ಕೆ ನಡೆದ ಸಂಗತಿ. 1888ರ ಆಗಸ್ಟಿನಲ್ಲಿ ಕಾರ್ಲ್‌ನ ಹೆಂಡತಿ ಬರ್ತಾ ಬೆಂಜ್, ಗಂಡನಿಗೆ ಹೇಳದೆ ಆ ಬಂಡಿಯನ್ನು ಹೊರಡಿಸಿ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಫೋರ್ಟ್ಸ್‌ಹೈಮ್ ಎಂಬ ತನ್ನ ತವರಿಗೆ ಹೋದಳು. ಸುಮಾರು 100 ಕಿಲೋಮೀಟರ್ ದಾರಿ. ಅಷ್ಟು ದೂರ ಮೋಟಾರಿನಲ್ಲಿ ಅದುವರೆಗೆ ಯಾರೂ ಹೋಗಿರಲಿಲ್ಲ. ಇಂಧನದ ನಳಿಗೆ ಕಟ್ಟಿಕೊಂಡಾಗ ಟೋಪಿಯ ಪಿನ್ನು ಹಾಕಿ ಬಿಡಿಸಿದಳು. ವಿದ್ಯುತ್ ತಂತಿಯ ಹೊದಿಕೆ ಸವೆದಾಗ ಕಾಲುಚೀಲದ ಪಟ್ಟಿ ಸುತ್ತಿದಳು. ಇಂಧನ ಮುಗಿದಾಗ ವೀಸ್‌ಲೋಕ್ ಊರಿನ ಔಷಧಿ ಅಂಗಡಿಯಲ್ಲಿ ಕೊಂಡಳು. ಬ್ರೇಕಿನ ಕಟ್ಟಿಗೆ ಸವೆದಾಗ ದಾರಿಯ ಚಮ್ಮಾರನಿಂದ ಅದಕ್ಕೆ ತೊಗಲು ಹೊಡೆಸಿದಳು. ಬಂಡಿ ಕಟ್ಟಿದ ಗಂಡನಿಗಿಂತ ಅದನ್ನು ದಾರಿಯಲ್ಲಿ ರಿಪೇರಿ ಮಾಡಿದ ಹೆಂಡತಿಯಿಂದ ಜನ ಆ ಯಂತ್ರವನ್ನು ನಂಬಿದರು ಎಂದು ನಾನು ಹುಡುಗರಿಗೆ ಹೇಳುತ್ತಿದ್ದೆ. ಈಗಲೂ ಅದೇ ನನ್ನ ನಂಬಿಕೆ.

ಬೆಂಜ್‌ನ ಊರಿಗೆ ದೂರವಿಲ್ಲದ ಕಾನ್‌ಸ್ಟಾಟ್‌ನಲ್ಲಿ ಗಾಟ್ಲೀಬ್ ಡೈಮ್ಲರ್ ಮತ್ತು ವಿಲ್ಹೆಲ್ಮ್ ಮೇಬಾಕ್ ತಮ್ಮದೇ ಎಂಜಿನ್ ಕಟ್ಟುತ್ತಿದ್ದರು. ಜಗತ್ತಿನ ಮೊದಲ ಮೋಟಾರು ಲಾರಿ ಡೈಮ್ಲರ್ ಕಾರ್ಖಾನೆಯದು, 1896ರದ್ದು. ನಾಲ್ಕು ಅಶ್ವಶಕ್ತಿ, ಒಂದೂವರೆ ಟನ್ ಹೊರುವ ತಾಕತ್ತು. ಡೈಮ್ಲರ್ ಕಾರುಗಳನ್ನು ಕೊಂಡು ಮಾರುತ್ತಿದ್ದ ಎಮಿಲ್ ಯೆಲಿನೆಕ್ ತನ್ನ ಮಗಳು ಮರ್ಸಿಡಿಸ್ ಹೆಸರನ್ನು ಕಾರಿಗೆ ಇಡಿಸಿದ. 1902ರಲ್ಲಿ ಆ ಹೆಸರು ನೋಂದಣಿಯಾಯಿತು. ನೆಲ, ಜಲ, ಆಕಾಶ ಮೂರಕ್ಕೂ ನಮ್ಮ ಎಂಜಿನ್ ಎನ್ನುವ ಮೂರು ಮೂಲೆಯ ನಕ್ಷತ್ರ 1909ರಲ್ಲಿ ನೋಂದಣಿಯಾಯಿತು. ಬೆಂಜ್ ಕಡೆಯವರು 1923ರಲ್ಲಿ ಡೀಸೆಲ್ ಎಂಜಿನ್ನನ್ನು ಲಾರಿಗೆ ಕೂರಿಸಿದರು. ಅಲ್ಲಿಯವರೆಗೆ ಡೀಸೆಲ್ ಎಂಜಿನ್ ಎಂದರೆ ಕಾರ್ಖಾನೆಯಲ್ಲೋ ಹಡಗಿನಲ್ಲೋ ಕದಲದೆ ಕೂರುವ ಭಾರೀ ಯಂತ್ರ. ಮೊದಲ ಮಹಾಯುದ್ಧದ ನಂತರದ ಬಡತನದಲ್ಲಿ ಎರಡೂ ಕಂಪನಿಗಳು ಒಂದಾಗದೆ ಉಳಿಯುವಂತಿರಲಿಲ್ಲ. 1926ರ ಜೂನ್ 28ರಂದು ಡೈಮ್ಲರ್ ಬೆಂಜ್ ಆಯಿತು. ಮರುವರ್ಷ ಬಾಷ್ ಕಂಪನಿಯ ಡೀಸೆಲ್ ಪಂಪು ಸಾಲುಸಾಲಾಗಿ ತಯಾರಾಗತೊಡಗಿತು. ಎಷ್ಟು ಬೇಕೋ ಅಷ್ಟೇ ಡೀಸೆಲ್ಲನ್ನು, ಬೇಕಾದ ಕ್ಷಣಕ್ಕೆ ಸರಿಯಾಗಿ ಸಿಲಿಂಡರಿಗೆ ಸಿಡಿಸುವ ಆ ಪಂಪು ಇಲ್ಲದಿದ್ದರೆ ಡೀಸೆಲ್ ಲಾರಿ ಈ ಪರಿ ರಸ್ತೆ ತುಂಬುತ್ತಿರಲಿಲ್ಲ.

ಈ ಚರಿತ್ರೆಯಲ್ಲಿ ಮುಚ್ಚಿಡಬಾರದ ಒಂದು ಅಧ್ಯಾಯವಿದೆ. ಹಿಟ್ಲರನ ಕಾಲದಲ್ಲಿ ಈ ಕಂಪನಿ ಯುದ್ಧದ ಲಾರಿ, ವಿಮಾನದ ಎಂಜಿನ್ ಮಾಡಿತು. 1944ರ ಹೊತ್ತಿಗೆ ಅದರ ಕೆಲಸಗಾರರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಜನ ಬಲವಂತವಾಗಿ ಹಿಡಿದು ತಂದವರು, ಯುದ್ಧಕೈದಿಗಳು, ಸೆರೆಶಿಬಿರದ ಬಂಧಿಗಳು. ಇದನ್ನು ಕಂಪನಿಯೇ ಆಮೇಲೆ ಒಪ್ಪಿಕೊಂಡಿತು. ಇತಿಹಾಸಕಾರರಿಂದ ಸಂಶೋಧನೆ ಮಾಡಿಸಿತು. 2000ದಲ್ಲಿ ಜರ್ಮನ್ ಸರ್ಕಾರ ಮತ್ತು ಉದ್ದಿಮೆಗಳು ಸೇರಿ ಕಟ್ಟಿದ ಪರಿಹಾರ ನಿಧಿಗೂ ಸೇರಿತು. ನಾನು ಇದನ್ನೂ ತರಗತಿಯಲ್ಲಿ ಹೇಳುತ್ತಿದ್ದೆ. ಎಂಜಿನ್ನಿನ ಅಂದಚೆಂದ ನೋಡಿ ಮರುಳಾಗುವ ಹುಡುಗರಿಗೆ, ಅದನ್ನು ಕಟ್ಟಿದವರು ಯಾವ ಸ್ಥಿತಿಯಲ್ಲಿದ್ದರು ಎಂದು ಕೇಳುವ ಅಭ್ಯಾಸವೂ ಆಗಬೇಕು.

ಯುದ್ಧದ ಬೂದಿಯಿಂದ ಎದ್ದ ಕಂಪನಿ 1949ರ ಸುಮಾರಿಗೆ ಹೊರತಂದ ಮಧ್ಯಮ ಗಾತ್ರದ ಲಾರಿಯೇ ಜಮ್‌ಶೆಡ್‌ಪುರಕ್ಕೆ ಬಂದು ನಮ್ಮ ಟಾಟಾ ಮರ್ಸಿಡಿಸ್ ಬೆಂಜ್ ಆಯಿತು. ಅದರ ಎದೆಯೊಳಗೆ 312 ಎಂಬ ಎಂಜಿನ್: ಆರು ಸಿಲಿಂಡರ್, ಸುಮಾರು 4.6 ಲೀಟರ್, 90 ಅಶ್ವಶಕ್ತಿ. ಇಂದಿನ ಎಷ್ಟೋ ಕಾರುಗಳಿಗಿರುವ ಶಕ್ತಿಯೂ ಅದಕ್ಕಿರಲಿಲ್ಲ. ಆದರೆ ಪೆಟ್ರೋಲಿಗಿಂತ ಅಗ್ಗದ ಡೀಸೆಲ್ ಕುಡಿಯುತ್ತಿತ್ತು, ಅದನ್ನೂ ಕಡಿಮೆ ಕುಡಿಯುತ್ತಿತ್ತು. ಕಬ್ಬಿಣದ ಅದಿರು ಹೊರುವವರಿಗೆ ಇನ್ನೊಂದು ಪೇಚು. ಅದಿರಿನ ತೂಕ ಎಂಥದ್ದೆಂದರೆ ಬಾಡಿ ಅರ್ಧ ತುಂಬುವುದರೊಳಗೆ ಗಾಡಿಯ ಭಾರ ಮುಗಿದುಹೋಗುತ್ತದೆ. ಮಾಲೀಕರಿಗೆ ಖಾಲಿ ಜಾಗ ಕಂಡರೆ ತಡೆಯುತ್ತಿರಲಿಲ್ಲ. ಇನ್ನಷ್ಟು ಹಾಕಿಸುತ್ತಿದ್ದರು. ಸ್ಪ್ರಿಂಗಿಗೆ ಹೆಚ್ಚುವರಿ ಪಟ್ಟಿ ಸೇರಿಸಿ ಬಿಗಿಸುತ್ತಿದ್ದರು. ಚಾಸಿ ತಡೆಯಿತು. ಘಟ್ಟದಲ್ಲಿ ಮೊದಲ ಗೇರಿನಲ್ಲಿ ಗೊರಗೊರ ಎನ್ನುತ್ತಾ ಎಂಜಿನ್ನೂ ತಡೆಯಿತು. ನಮ್ಮ ಕಡೆ ಬೆಂಜ್ ಲಾರಿಗೆ ಬಂದ ಹೆಸರು ಈ ತಡೆಯುವ ಗುಣದಿಂದ ಬಂದದ್ದು.

ಆ ಗುಣ ಉಳಿಸಿಕೊಂಡು ಬಂದ ಕೆಲಸವನ್ನು ಸ್ವಲ್ಪ ಹತ್ತಿರದಿಂದ ಹೇಳಬೇಕು. ಮಾಗಿಯ ಬೆಳಗಿನ ಜಾವ ತಣ್ಣಗಾದ ಎಂಜಿನ್ ಸುಮ್ಮನೆ ಶುರುವಾಗುತ್ತಿರಲಿಲ್ಲ. ಪ್ರತಿ ಸಿಲಿಂಡರಿಗೂ ಒಂದು ಹೀಟರ್ ಪ್ಲಗ್. ಡ್ರೈವರ್ ಹಿಡಿಕೆ ಎಳೆದು ಹಿಡಿದರೆ ಡ್ಯಾಶ್‌ಬೋರ್ಡಿನ ಸಣ್ಣ ಜಾಲರಿಯ ಹಿಂದೆ ಒಂದು ತಂತಿ ನಿಧಾನಕ್ಕೆ ಕೆಂಪಾಗಬೇಕು. ಆಮೇಲೆ ಪೂರ್ತಿ ಎಳೆದರೆ ಎಂಜಿನ್ ತಿರುಗುತ್ತದೆ. ಆರೂ ಪ್ಲಗ್ಗುಗಳು ಒಂದರ ಬೆನ್ನಿಗೊಂದು ಸರಪಳಿಯಂತೆ ಜೋಡಣೆಯಾಗಿದ್ದವು. ಒಂದು ಸುಟ್ಟರೆ ಉಳಿದ ಐದಕ್ಕೂ ಕರೆಂಟಿಲ್ಲ, ಜಾಲರಿಯ ಹಿಂದಿನ ತಂತಿ ಕೆಂಪಾಗುವುದಿಲ್ಲ. ಅಪ್ಪ ಒಂದು ತುಂಡು ತಂತಿ ಹಿಡಿದು ಪ್ಲಗ್ಗುಗಳನ್ನು ಒಂದೊಂದಾಗಿ ದಾಟಿಸುತ್ತಾ ಹೋಗುತ್ತಿದ್ದರು. ಸುಟ್ಟದ್ದನ್ನು ದಾಟಿಸಿದ ಕೂಡಲೇ ಒಳಗಿನ ತಂತಿ ಕೆಂಪಾಗುತ್ತಿತ್ತು. ಸ್ಟೇರಿಂಗ್ ಹಿಂದೆ ಕೂತ ನಾನು "ಕೆಂಪಾತು" ಎಂದು ಕೂಗಬೇಕು. ಆ ಪ್ಲಗ್ಗನ್ನು ಬಿಟ್ಟು ಜೋಡಿಸಿ ಗಾಡಿ ಹೊರಡಿಸುತ್ತಿದ್ದರು.

ಡೀಸೆಲ್ ಟ್ಯಾಂಕು ಖಾಲಿಯಾಗಿ ನಿಂತ ಗಾಡಿಯದು ಇನ್ನೊಂದು ಕಥೆ. ಮತ್ತೆ ಡೀಸೆಲ್ ಹಾಕಿದರೂ ನಳಿಗೆಯಲ್ಲಿ ಗಾಳಿ ಸಿಕ್ಕಿಕೊಂಡಿರುತ್ತದೆ. "ಗಾಡಿ ಏರ್ ಹಿಡದೈತಿ" ಎನ್ನುತ್ತಿದ್ದರು. ಫಿಲ್ಟರಿನ ತಲೆಯ ಸ್ಕ್ರೂ ಸಡಿಲಿಸಿ, ಪಂಪಿನ ಪಕ್ಕದ ಕೈಗುಂಡಿಯನ್ನು ಒತ್ತುತ್ತಾ ಹೋಗಬೇಕು. ಮೊದಲು ಗಾಳಿ ಬುಸ್ಸೆನ್ನುತ್ತದೆ, ಆಮೇಲೆ ನೊರೆ ಬರುತ್ತದೆ, ನೊರೆ ತೆಳ್ಳಗಾಗಿ ಕೊನೆಗೆ ಗುಳ್ಳೆಯಿಲ್ಲದ ಡೀಸೆಲ್ ಹರಿಯುತ್ತದೆ. ಹರಿಯುತ್ತಿರುವಾಗಲೇ ಸ್ಕ್ರೂ ಬಿಗಿಯಬೇಕು. ಹರಿವು ನಿಂತ ಮೇಲೆ ಬಿಗಿದರೆ ಮತ್ತೆ ಗಾಳಿ ಸೇರುತ್ತದೆ. "ನೊರಿ ಹೋಗಾತನ ಕೈ ಬಿಡಬ್ಯಾಡಪಾ" ಎಂದು ಅಪ್ಪ ನನಗೆ ಹೇಳಿಕೊಟ್ಟದ್ದನ್ನು, ನಾನು ಮುಂದೆ ಸರ್ಕಾರಿ ಪಠ್ಯಪುಸ್ತಕದ ಭಾಷೆಯಲ್ಲಿ ಹುಡುಗರಿಗೆ ಕಲಿಸಿದೆ. ಇದಕ್ಕೆ ಬೇಕಾದದ್ದು ಒಂದು ಪಾನೆ, ಒಂದು ಚಿಂದಿ ಬಟ್ಟೆ, ತಾಳ್ಮೆ. ಬರ್ತಾ ಬೆಂಜ್‌ಳ ಟೋಪಿ ಪಿನ್ನಿಗೂ ನಮ್ಮ ಕ್ಲೀನರ್ ಹುಡುಗರ ಪಾನೆಗೂ ನನ್ನ ಕಣ್ಣಿಗೆ ನೇರ ನಂಟಿದೆ.

ಪಂಪಿನ ಒಳಗಡೆಯ ಕೆಲಸ ಮಾತ್ರ ದಾರಿಯದಲ್ಲ. ಅದಕ್ಕೆ ಬೆಂಗಳೂರಿನ ಆಸರೆ ಇತ್ತು. 1951ರಲ್ಲಿ ಬಾಷ್ ತಂತ್ರಜ್ಞಾನದೊಂದಿಗೆ ಆರಂಭವಾದ ಮೈಕೋ ಕಂಪನಿ ಬೆಂಗಳೂರಿನ ಆಡುಗೋಡಿಯಲ್ಲಿ ಡೀಸೆಲ್ ಪಂಪು, ನಾಜಲ್‌ಗಳನ್ನು ತಯಾರಿಸಿತು. ಜರ್ಮನಿಯ ಲಾರಿಗೆ ಕನ್ನಡನಾಡಿನಲ್ಲೇ ಮಾಡಿದ ಪಂಪು ಸಿಕ್ಕಿದ್ದು ದೊಡ್ಡ ಭಾಗ್ಯ. ಆ ಬಿಡಿಭಾಗ ನಂಬಿಕೊಂಡು ಊರೂರಲ್ಲಿ ಪಂಪು ರಿಪೇರಿಯ ಅಂಗಡಿಗಳು ಹುಟ್ಟಿದವು. ಹೊಸಪೇಟೆಯ ಗ್ಯಾರೇಜುಗಳ ಮೇಸ್ತ್ರಿಗಳಲ್ಲಿ ಮುಸ್ಲಿಮರು ಬಹಳ, ವಿಶ್ವಕರ್ಮರೂ ಇದ್ದರು. ಮರದ ಬಾಡಿ ಕಟ್ಟುವವರು, ಕಮ್ಮಾರರು, ಟೈರಿನವರು, ಹೆಸರು ಬರೆಯುವ ಪೇಂಟರುಗಳು ಎಲ್ಲರೂ ಸೇರಿದಾಗಲೇ ಜಮ್‌ಶೆಡ್‌ಪುರದ ಚಾಸಿ ಒಂದು ಲಾರಿಯಾಗುತ್ತಿದ್ದದ್ದು. ಆಯುಧಪೂಜೆಯ ದಿನ ಅವರೆಲ್ಲರ ಮನೆಗೂ ಮಂಡಕ್ಕಿ, ಕೊಬ್ಬರಿ, ಬೆಲ್ಲ ಹೋಗುತ್ತಿತ್ತು. ಬಾನೆಟ್ಟಿಗೆ ವಿಭೂತಿ ಬಳಿದು, ಚೆಂಡುಹೂವಿನ ಹಾರ ಹಾಕಿ, ಗಾಲಿಯಡಿ ನಿಂಬೆಹಣ್ಣಿಟ್ಟು ಮುಂದೆ ಓಡಿಸುವುದು ಅಪ್ಪನ ಪಾಲಿಗೆ ವರ್ಷದ ದೊಡ್ಡ ಹಬ್ಬ.

ಗಣಿಯಲ್ಲಿ ಆಗ ಯಂತ್ರ ಕಡಿಮೆ. ಗಂಡಸರು ಹಾರೆಯಿಂದ ಎಬ್ಬಿಸಿದ ಕಲ್ಲನ್ನು ಹೆಂಗಸರು ಸುತ್ತಿಗೆಯಿಂದ ಒಡೆದು, ಬುಟ್ಟಿಯಲ್ಲಿ ಹೊತ್ತು, ಹಲಗೆ ಹತ್ತಿ ಲಾರಿಗೆ ಸುರಿಯುತ್ತಿದ್ದರು. ಒಂದು ಲಾರಿ ತುಂಬಲು ಹೊತ್ತೇ ಹಿಡಿಯುತ್ತಿತ್ತು. ಬೆಂಜ್ ಲಾರಿಯ ಕೀರ್ತಿಯಲ್ಲಿ ಆ ಹೆಂಗಸರ ಬೆನ್ನು, ಕುತ್ತಿಗೆಗಳ ಪಾಲೂ ಇದೆ. 

1969ರಲ್ಲಿ ಹದಿನೈದು ವರ್ಷ ತುಂಬಿತು. ಒಪ್ಪಂದ ಮುಗಿಯಿತು. ಲಾರಿಯ ಮೂತಿಯಿಂದ ನಕ್ಷತ್ರ ಇಳಿದು ಟಾಟಾದ ಗುರುತು ಏರಿತು. ಗುರುತು ಹೋದರೆ ಗುಣ ಹೋಗುತ್ತದೆಂದು ಅಂಜಿದವರಿದ್ದರು. ಹಾಗಾಗಲಿಲ್ಲ, ಏಕೆಂದರೆ ಅಷ್ಟರಲ್ಲಿ ಜಮ್‌ಶೆಡ್‌ಪುರದವರು ಎಂಜಿನ್, ಗೇರ್‌ಬಾಕ್ಸ್, ಆಕ್ಸಲ್ ಎಲ್ಲವನ್ನೂ ತಾವೇ ಮಾಡಲು ಕಲಿತಿದ್ದರು. ನಂತರ ದೇಶವೆಲ್ಲ ಆಳಿದ 1210 ಲಾರಿ ಅದೇ ಮನೆತನದ್ದು. ಹನ್ನೆರಡು ಟನ್ ಒಟ್ಟು ತೂಕ, ನೂರು ಅಶ್ವಶಕ್ತಿ ಎಂಬ ಲೆಕ್ಕದ ಆ ಅಂಕಿಯೂ ಜರ್ಮನ್ ಪದ್ಧತಿಯದೇ. ನಕ್ಷತ್ರವಿಲ್ಲದ ಆ ಲಾರಿಯನ್ನೂ ನಮ್ಮ ಮೇಸ್ತ್ರಿಗಳು ಬಹಳ ಕಾಲ ಬೆಂಜ್ ಎಂದೇ ಕರೆದರು. ಟೆಲ್ಕೋದಲ್ಲಿ ಜರ್ಮನರ ಷೇರು ಮಾತ್ರ ಆಮೇಲೂ ಉಳಿಯಿತು. ಅದನ್ನು ಪೂರ್ತಿ ಮಾರಿದ್ದು 2010ರಲ್ಲಿ. 1994ರಲ್ಲಿ ಇಬ್ಬರೂ ಸೇರಿ ಪುಣೆಯಲ್ಲಿ ಕಾರು ತಯಾರಿಸುವ ಕಂಪನಿ ಕಟ್ಟಿದರು. ಮರುವರ್ಷದಿಂದ ನಕ್ಷತ್ರದ ಕಾರುಗಳು ಇಲ್ಲೇ ತಯಾರಾಗತೊಡಗಿದವು.

ಆ ಕಾರುಗಳು ನಮ್ಮ ದಾರಿಯಲ್ಲಿ ಕಾಣಿಸಿಕೊಂಡದ್ದು ಅದಿರಿನ ಹುಚ್ಚು ಏರಿದ ಮೇಲೆ. 2003ರ ಸುಮಾರಿಗೆ ಚೀನಾದಲ್ಲಿ ಉಕ್ಕಿನ ಹಸಿವು ಹೆಚ್ಚಿ ಅದಿರಿನ ಬೆಲೆ ಗಗನಕ್ಕೇರಿತು. ಗುಡ್ಡ ಅಗೆಯುವ ಯಂತ್ರಗಳು ಬಂದವು, ಹತ್ತು ಗಾಲಿಯ ಟಿಪ್ಪರುಗಳು ಬಂದವು. ಬೇಲೇಕೇರಿ, ಮರ್ಮಗೋವಾ, ಕೃಷ್ಣಪಟ್ಟಣಂ ಬಂದರುಗಳಿಗೆ ಅದಿರು ಹಗಲೂ ರಾತ್ರಿ ಹೋಯಿತು. ಗಾದಿಗನೂರಿನಲ್ಲಿ ರಸ್ತೆ ದಾಟಲು ಮುದುಕರು, ಮಕ್ಕಳು ಬಹಳ ಹೊತ್ತು ಕಾಯಬೇಕಿತ್ತು. ಜೋಳ, ಹತ್ತಿ, ಮೆಣಸಿನಕಾಯಿ ಹೊಲಗಳ ಮೇಲೆ ಕೆಂಪು ಧೂಳು ಕೂತಿತು. ಮನೆಯ ಪಾತ್ರೆ, ದೇವರ ಜಗಲಿ, ಕೂಸಿನ ತೊಟ್ಟಿಲು ಎಲ್ಲವೂ ಕೆಂಪು. ಹೊಲ ಮಾರಿ ಟಿಪ್ಪರ್ ಕೊಂಡ ರೈತರು ನನಗೆ ಗೊತ್ತು. ಲೋಕಾಯುಕ್ತರಾಗಿದ್ದ ಸಂತೋಷ್ ಹೆಗ್ಡೆಯವರ ವರದಿಗಳು 2008 ಮತ್ತು 2011ರಲ್ಲಿ ಅಕ್ರಮಗಳನ್ನು ಬಯಲಿಗಿಟ್ಟವು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕಿತು. ಗುಡ್ಡಕ್ಕೆ ಉಸಿರು ಬಂತು, ಅದು ನ್ಯಾಯವೇ. ಆದರೆ ಸಾಲದ ಕಂತು ಕಟ್ಟಲಾಗದೆ ಟಿಪ್ಪರ್ ಕಳೆದುಕೊಂಡ ಸಣ್ಣ ಮಾಲೀಕರು, ಕೆಲಸ ಕಳೆದುಕೊಂಡ ಡ್ರೈವರ್, ಕ್ಲೀನರ್‌ಗಳು ಆ ಲೂಟಿಯ ಲಾಭ ತಿಂದವರಲ್ಲ. ಹೊಲ ಹೋಗಿತ್ತು, ಗಾಡಿಯೂ ಹೋಯಿತು. ಲಾರಿ ಎಷ್ಟು ಗಟ್ಟಿಯಾಗಿದ್ದರೂ ಅದನ್ನು ಓಡಿಸುವ ಆಸೆಗೆ ಮಿತಿಯಿಲ್ಲದಿದ್ದರೆ ಊರು ಉಳಿಯುವುದಿಲ್ಲ ಎಂಬುದನ್ನು ನಮ್ಮ ಸೀಮೆ ಕಣ್ಣಾರೆ ಕಂಡಿತು.

ಗಣಿಗಳು ನ್ಯಾಯಾಲಯದ ನಿಬಂಧನೆಗಳ ಅಡಿಯಲ್ಲಿ ಮತ್ತೆ ಶುರುವಾಗುವ ಹೊತ್ತಿಗೆ ಜರ್ಮನರು ಲಾರಿಯೊಂದಿಗೆ ಮರಳಿ ಬಂದಿದ್ದರು. ಚೆನ್ನೈ ಹತ್ತಿರದ ಒರಗಡಂನಲ್ಲಿ ಕಾರ್ಖಾನೆ ಕಟ್ಟಿ 2012ರಲ್ಲಿ ಭಾರತ್‌ಬೆಂಜ್ ಲಾರಿಗಳನ್ನು ಮಾರುಕಟ್ಟೆಗೆ ಬಿಟ್ಟರು. ಸಂಡೂರಿನ ದಾರಿಯಲ್ಲಿ ಇಂದು ಅವು ಕಾಣುತ್ತವೆ. ಒಳ್ಳೆ ಗಾಡಿಗಳು. ಡ್ರೈವರ್ ಕೂರುವ ಜಾಗ ಅಪ್ಪನ ಕಾಲದ ಕ್ಯಾಬಿನ್ನಿಗೆ ಹೋಲಿಸಿದರೆ ಅರಮನೆ. 2020ರ ಏಪ್ರಿಲ್‌ನಿಂದ ಜಾರಿಗೆ ಬಂದ ಬಿಎಸ್–6 ನಿಯಮದಿಂದ ಹೊಗೆ ಬಹಳ ಕಡಿಮೆಯಾಗಿದೆ. ಕೆಂಪು ಧೂಳು, ಕಪ್ಪು ಹೊಗೆ ಎರಡನ್ನೂ ನುಂಗಿ ಬೆಳೆದ ನಮಗೆ ಅದರ ಬೆಲೆ ಗೊತ್ತು. ಆದರೆ ಈಗ ಗಾಡಿ ನಿಂತರೆ ಪಾನೆ ಹಿಡಿದವನಿಗೆ ಮಾಡಲು ಕೆಲಸವಿಲ್ಲ. ಡೀಸೆಲ್ಲನ್ನು ಸಿಡಿಸುವ ಲೆಕ್ಕ ಕಂಪ್ಯೂಟರಿನದು. ಸ್ಕ್ಯಾನರ್ ಜೋಡಿಸದೆ ತೊಂದರೆ ಎಲ್ಲಿದೆಯೆಂದು ತಿಳಿಯುವುದಿಲ್ಲ. ಸ್ಕ್ಯಾನರ್ ಇದ್ದರೂ ಅದು ತೋರಿಸುವ ಸಂಕೇತದ ಅರ್ಥ, ಅದನ್ನು ಸರಿಪಡಿಸುವ ಅನುಮತಿ ಎಷ್ಟೋ ಸಲ ಕಂಪನಿಯ ಕೈಯಲ್ಲೇ ಇರುತ್ತದೆ. ಪಂಪಿನ ಕೆಲಸ ಬಲ್ಲ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಈಗ ಟೈರು, ಬ್ಯಾಟರಿ ಮಾರುತ್ತಿದ್ದಾರೆ.

ಇದು ಯಾವುದೋ ಒಂದು ಕಂಪನಿಯ ದೋಷವೆಂದು ನಾನು ಹೇಳುತ್ತಿಲ್ಲ, ಎಲ್ಲ ಕಂಪನಿಗಳ ಗಾಡಿಗಳೂ ಇಂದು ಹೀಗೇ ಇವೆ. ನಾನು ಹೇಳಬೇಕೆಂದಿರುವುದು 1954ರ ಒಪ್ಪಂದದ ಪಾಠ. ಜರ್ಮನರು ಅಂದು ಲಾರಿ ಮಾರಿ ಸುಮ್ಮನಾಗಿದ್ದರೆ ಆ ನಕ್ಷತ್ರವೂ ಫೋರ್ಡ್, ಷೆವರ್ಲೆಗಳ ಜೊತೆ ಗುಜರಿ ಸೇರುತ್ತಿತ್ತು. ಅವರು ಲಾರಿ ಮಾಡುವುದನ್ನು ಕಲಿಸಿದರು. ಜಮ್‌ಶೆಡ್‌ಪುರದಿಂದ ಆ ವಿದ್ಯೆ ಹೊಸಪೇಟೆಯ ಗ್ಯಾರೇಜಿಗೆ ಇಳಿಯಿತು, ಅಲ್ಲಿಂದ ಗಾದಿಗನೂರಿನ ಓದು ಬಾರದ ಕ್ಲೀನರ್ ಹುಡುಗನ ಕೈಗೂ ಇಳಿಯಿತು. ಅದಕ್ಕೇ ಗುರುತು ಅಳಿಸಿದ ಮೇಲೂ ಹೆಸರು ಅಳಿಯಲಿಲ್ಲ. ಇಂದು ಬೆಂಗಳೂರಿನಲ್ಲೇ 1996ರಿಂದ ಮರ್ಸಿಡಿಸ್ ಬೆಂಜ್‌ನ ಸಂಶೋಧನಾ ಕೇಂದ್ರವಿದೆ. ಆಡುಗೋಡಿಯ ಹಳೆಯ ಮೈಕೋ 2008ರಿಂದ ಬಾಷ್ ಎಂಬ ಹೆಸರಿನಲ್ಲೇ ನಡೆಯುತ್ತಿದೆ. ಅಲ್ಲಿ ಕನ್ನಡದ ಹುಡುಗ ಹುಡುಗಿಯರು ಎಂಜಿನ್ನಿನ ಕಂಪ್ಯೂಟರಿಗೆ ಬೇಕಾದ ತಂತ್ರಾಂಶ ಬರೆಯುತ್ತಾರೆ. ಆ ವಿದ್ಯೆಯ ಒಂದು ಪಾಲು ಹೊಸಪೇಟೆ, ಸಂಡೂರು, ಕಂಪ್ಲಿಯ ಐಟಿಐ ಮಕ್ಕಳಿಗೆ ಕನ್ನಡದಲ್ಲಿ ಸಿಗಬೇಕು. ಸ್ಕ್ಯಾನರುಗಳು ತರಗತಿಗೆ ಬರಬೇಕು, ರಿಪೇರಿಯ ಕೈಪಿಡಿಗಳು ಸಣ್ಣ ಗ್ಯಾರೇಜಿನ ಮೇಸ್ತ್ರಿಗೂ ತೆರೆದಿರಬೇಕು. ಸರ್ಕಾರ 1953ರಲ್ಲಿ ಇಲ್ಲೇ ತಯಾರಿಸಿ ಎಂದು ಗಟ್ಟಿಯಾಗಿ ಕೇಳಿತ್ತು. ಈಗ ಇಲ್ಲೇ ರಿಪೇರಿ ಮಾಡಲು ಬಿಡಿ ಎಂದು ಅಷ್ಟೇ ಗಟ್ಟಿಯಾಗಿ ಕೇಳಲಿ. ಗಣಿಯ ಜಿಲ್ಲೆಗಳ ಅಭಿವೃದ್ಧಿಗೆಂದು ಅದಿರಿನ ಹಣದಲ್ಲಿ ತೆಗೆದಿಟ್ಟ ನಿಧಿಯಿದೆ. ಆ ಹಣಕ್ಕೆ ಇದಕ್ಕಿಂತ ಒಳ್ಳೆಯ ದಾರಿ, ಅದಿರು ಹೊತ್ತವರ ಮೊಮ್ಮಕ್ಕಳ ಕೈಗೆ ಕೆಲಸದ ವಿದ್ಯೆ ಕೊಡುವುದಕ್ಕಿಂತ ಮಿಗಿಲಾದದ್ದು, ನನಗಂತೂ ತೋಚುತ್ತಿಲ್ಲ.